ಪಾಸಿಂಗಿಗೆ ಹೋದ ನನ್ನ ಮೊಣಕಾಲುಗಳು

ಮೊನ್ನೆ ಬೆಳಿಗ್ಗೆ ನಮ್ಮ ಓಣಿಯ ವಕೀಲರು ಹೊಸ ಕಾರು ತಂದರು. ಪೂಜೆ ಮುಗಿಯಿತು, ಗಾಲಿಯ ಕೆಳಗಿನ ನಿಂಬೆಹಣ್ಣು ಚಪ್ಪಟೆಯಾಯಿತು, ಮನೆಮನೆಗೆ ಪೇಢೆ ಬಂತು. ಆಮೇಲೆ ವಕೀಲರ ತಮ್ಮ ಕಾರಿನ ಹಿಂದಕ್ಕೆ ಹೋಗಿ ಅದರ ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟ. ಕಾರು ಒಮ್ಮೆ ಕೆಳಗೆ ಹೋಯಿತು, ಮೇಲೆ ಬಂತು, ಅಲ್ಲೇ ನಿಂತಿತು. ಅದರಿಂದ ಅವನಿಗೆ ಏನು ತಿಳಿಯಿತೋ ಕಾಣೆ, ಭಾರೀ ತಿಳಿದವನ ಹಾಗೆ ತಲೆಯಾಡಿಸಿದ. ಬಾಗಿಲಲ್ಲಿ ನಿಂತು ಪೇಢೆ ತಿನ್ನುತ್ತಿದ್ದ ನಾನು ಮಾತ್ರ ನನಗರಿವಿಲ್ಲದೆ 'ಒಂದು' ಎಂದು ಎಣಿಸಿಬಿಟ್ಟಿದ್ದೆ. ಅಷ್ಟೇ ಆಗಿದ್ದರೆ ಹೋಗಲಿ, ಕಾರು ಕೆಳಗೆ ಹೋದ ಆ ಕ್ಷಣಕ್ಕೆ ನನ್ನ ಎರಡೂ ಮೊಣಕಾಲುಗಳು ತಾವಾಗಿಯೇ ಸಣ್ಣಗೆ ಬಗ್ಗಿದವು.

ನನ್ನ ಹೆಂಡತಿ ಅದನ್ನು ನೋಡಿ, "ಯಾಕ್ರಿ, ವಾತ ಹಿಡೀತೇನು?" ಎಂದು ಕೇಳಿದಳು. ಹೌದೆಂದೆ. ಈ ವಯಸ್ಸಿನಲ್ಲಿ ಯಾವುದಕ್ಕೂ ವಾತ ಎಂದರೆ ಸಾಕು, ಮುಂದಿನ ಪ್ರಶ್ನೆ ಬರುವುದಿಲ್ಲ. ಆದರೆ ನಿಮಗೆ ಸುಳ್ಳು ಹೇಳಿ ನನಗೇನೂ ಲಾಭವಿಲ್ಲ. ಅದು ವಾತವಲ್ಲ, ಹಳೆಯ ಕಸುಬು. ಆ ಕಸುಬನ್ನು ಬಿಟ್ಟು ನಲವತ್ತು ವರ್ಷಗಳ ಹತ್ತಿರ ಆಯಿತು.

ಈಗ ನನ್ನನ್ನು ನೋಡಿದವರು ನಂಬಲಿಕ್ಕಿಲ್ಲ. ಅಂಗಿ ಗೂಟಕ್ಕೆ ಸಿಕ್ಕಿಸಿದಂತೆ ಕಾಣುತ್ತೇನೆ. ಆದರೆ ಇಪ್ಪತ್ತೈದರ ಪ್ರಾಯದಲ್ಲಿ ನಾನು ಮೂಡಲಗಿಯಲ್ಲಿಯೇ ಎಲ್ಲರಿಗಿಂತ ದಪ್ಪ ಮನುಷ್ಯನಾಗಿದ್ದೆ. ಅಲ್ಲಿನ ಸಾಲೆಯಲ್ಲಿ ಮಾಸ್ತರನಾಗಿದ್ದೆ. ಒಮ್ಮೆ ಗೋಕಾಕದ ಹತ್ತಿ ಅಡತಿಯಲ್ಲಿ ಹಮಾಲರು ತಮಾಷೆಗೆ ನನ್ನನ್ನು ದೊಡ್ಡ ತಕ್ಕಡಿಯ ಪರಡಿಯಲ್ಲಿ ಕೂರಿಸಿದ್ದರು. ಒಂದೊಂದೇ ಕಲ್ಲು ಇಡುತ್ತ ಹೋದರು. ಕೊನೆಗೆ ಒಬ್ಬ, "ಬಾಜೂ ಅಂಗಡಿಯಿಂದ ಇನ್ನೊಂದ ಕಲ್ಲ ತರ್ರಿ, ಮಾಸ್ತರ್ರು ಇನ್ನೂ ಉಳದಾರ" ಎಂದ. ಆ ಮಾತಿಗೆ ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ, ಒಂಥರಾ ಹೆಮ್ಮೆಯೇ ಆಯಿತು. ಓದಿನಲ್ಲಿ ಹೆಸರು ಮಾಡದವನು ಯಾವುದರಲ್ಲಾದರೂ ಮಾಡಬೇಕಲ್ಲ.

ನನ್ನ ತೂಕಕ್ಕೆ ಕೆಲಸ ಹುಡುಕಿಕೊಟ್ಟವರು ಕಾಕಾ, ನನ್ನ ಅಪ್ಪನ ತಮ್ಮ. ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿ, ಓದಿಸಿ, ಮದುವೆ ಮಾಡಿದವರು ಅವರೇ. ಅವರಿಗೊಂದು ಬಸ್ಸಿತ್ತು. ತಾವೇ ಅದರ ಮಾಲಕ, ತಾವೇ ಡ್ರೈವರ್. ದಸ್ತಗೀರ ಎಂಬ ನಡುವಯಸ್ಸಿನವನು ಅದರ ಕಂಡಕ್ಟರ್. ಬಸ್ಸು ಬೆಳಿಗ್ಗೆ ಮೂಡಲಗಿ ಬಿಟ್ಟು ಕಲ್ಲೋಳಿ, ಗೋಕಾಕ ಹಾದು ಹುಕ್ಕೇರಿಗೆ ಹೋಗಿ ಸಂಜೆ ತಿರುಗಿ ಬರುತ್ತಿತ್ತು. ಕಟ್ಟಿಗೆಯ ಮೈ, ಕಿಟಕಿಗೆ ಗಾಜಿನ ಬದಲು ಕ್ಯಾನ್ವಾಸ್ ಪರದೆ, ಹತ್ತಿ ಇಳಿಯುವುದಕ್ಕೆ ಹಿಂದುಗಡೆ ಬಾಗಿಲು, ಬಾಗಿಲ ಕೆಳಗೊಂದು ಕಬ್ಬಿಣದ ಮೆಟ್ಟಿಲು. ಆ ದಾರಿಗೆ ಬೇರೆ ಬಸ್ಸಿರಲಿಲ್ಲ. ಕೋರ್ಟಿಗೆ ಹೋಗುವವರು, ಸಂತೆಗೆ ಹೋಗುವವರು, ಬೀಗರ ಮನೆಗೆ ಹೋಗುವವರು, ಎಲ್ಲರೂ ಅದಕ್ಕೇ ಕಾಯಬೇಕು. ಬಸ್ಸು ತಡವಾದರೆ ಜನ ಬಸ್ಸನ್ನು ಬೈಯುತ್ತಿದ್ದರು, ಕಾಕಾನನ್ನಲ್ಲ. ಅಷ್ಟು ಮರ್ಯಾದೆ ಅವರಿಗಿತ್ತು.

ಸರಕಾರದ ಕಾಯದೆಯಂತೆ ಇಂಥ ಗಾಡಿಗಳು ಆಗಾಗ ಪಾಸಿಂಗ್ ಆಗಬೇಕು. ಅಂದರೆ ಮೋಟಾರು ಖಾತೆಯ ಸಾಹೇಬರು ಬಂದು ಗಾಡಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ರಸ್ತೆಯ ಮೇಲೆ ಓಡಲು ಯೋಗ್ಯ ಎಂದು ಕಾಗದ ಕೊಡಬೇಕು. ಸಾಹೇಬರು ಬೆಳಗಾವಿಯಿಂದ ಗೋಕಾಕಕ್ಕೆ ಬರುತ್ತಿದ್ದರು. ಹೊಳೆಯ ಕಡೆಗಿನ ಬಯಲಿನಲ್ಲಿ ಗಾಡಿಗಳು ಸಾಲಾಗಿ ನಿಲ್ಲುತ್ತಿದ್ದವು, ಮಾಲಕರು ಅವುಗಳ ಮುಂದೆ ಪರೀಕ್ಷೆಗೆ ಬಂದ ಹುಡುಗರಂತೆ. ಸಾಹೇಬರು ಬ್ರೇಕು ನೋಡುವರು, ದೀಪ ನೋಡುವರು, ಭೋಂಗಾ ಒತ್ತುವರು. ಕೊನೆಗೆ ಬರುವುದು ಶಾಕಪ್ ಪರೀಕ್ಷೆ.

ಶಾಕಪ್ ಎಂದರೇನು ಎಂದು ನನಗೆ ತಿಳಿಸಿದವರೂ ಕಾಕಾ. ಗಾಲಿಗಳ ಮೇಲೆ ಬಸ್ಸನ್ನು ಹೊತ್ತು ನಿಲ್ಲುವ ಉಕ್ಕಿನ ಪಟ್ಟಿಗಳಿಗೆ ಡ್ರೈವರುಗಳು ಪಾಟಾ ಎನ್ನುತ್ತಾರೆ. ಗಾಲಿ ತಗ್ಗಿಗೆ ಬಿದ್ದಾಗ ಪಾಟಾ ಬಗ್ಗಿ ಏಳುತ್ತದೆ. ಒಮ್ಮೆ ಎದ್ದರೆ ಮತ್ತೆ ಬಗ್ಗುತ್ತದೆ, ಮತ್ತೆ ಏಳುತ್ತದೆ. ಅದನ್ನು ಹಿಡಿದು ನಿಲ್ಲಿಸುವುದಕ್ಕೆ ಪಕ್ಕದಲ್ಲಿ ಎಣ್ಣೆ ತುಂಬಿದ ಒಂದು ಕಬ್ಬಿಣದ ಡಬ್ಬಿ, ಅದಕ್ಕೊಂದು ತೋಳು. ಅದೇ ಶಾಕಪ್. "ಪಾಟಾ ಕುಣಿ ಅಂತೈತಿ, ಶಾಕಪ್ ಸಾಕ್ ಬಿಡು ಅಂತೈತಿ. ಇಬ್ಬರೂ ಇದ್ರ ಸಂಸಾರ" ಎಂದು ಕಾಕಾ ಹೇಳುತ್ತಿದ್ದರು.

ಬಸ್ಸೆಂದರೆ ಕಾರಲ್ಲ, ಕೈಯಿಂದ ಒತ್ತಿದರೆ ಜಪ್ಪಯ್ಯ ಎನ್ನುವುದಿಲ್ಲ. ಅದಕ್ಕೆ ಸಾಹೇಬರು ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಹಿಂದಿನ ಗಾಲಿಯ ಪಕ್ಕ ಒಂದು ಬಿದಿರು ನೆಟ್ಟು, ಅದರ ಮೇಲೆ ಸುಣ್ಣದ ಗೆರೆ ಹಾಕಿಸುವರು. ಭಾರದ ಮನುಷ್ಯನೊಬ್ಬ ಹಿಂದಿನ ಮೆಟ್ಟಿಲೇರಿ ಮೂರು ಸಲ ಬಸ್ಸನ್ನು ತೂಗಿ, ಮೂರನೆಯದಕ್ಕೆ ನೆಲಕ್ಕೆ ಜಿಗಿಯಬೇಕು. ಸಾಹೇಬರು ಕುಕ್ಕರಗಾಲಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ, ಬಸ್ಸಿನ ಮೈ ಸುಣ್ಣದ ಗೆರೆಯನ್ನು ಎಷ್ಟು ಸಲ ದಾಟಿತು ಎಂದು ಎಣಿಸುವರು. ಎರಡಕ್ಕೆ ನಿಂತರೆ ಪಾಸು. ಮೂರಾದರೆ ಮತ್ತೊಮ್ಮೆ ನೋಡುವರು. ಅದರ ಮೇಲಾದರೆ ಚಹಾ ಕುಡಿಸಿದರೂ ಉಪಯೋಗವಿಲ್ಲ.

ಆ ಭಾರದ ಮನುಷ್ಯ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಮೊದಮೊದಲು ಕಾಕಾನ ಬಸ್ಸಿಗಷ್ಟೇ ಏರುತ್ತಿದ್ದೆ. ಎರಡು ಮೂರು ಪಾಸಿಂಗಿನಲ್ಲಿ ಒಂದು ಗುಟ್ಟು ನನ್ನ ಕಾಲಿಗೆ ತಿಳಿಯಿತು. ಬಸ್ಸು ಕೆಳಗೆ ಹೋಗುವಾಗ ಮೊಣಕಾಲು ಬಗ್ಗಿಸಿ ಭಾರ ಹಗುರ ಮಾಡಬೇಕು, ಮೇಲೇಳುವಾಗ ಒತ್ತಬೇಕು. ಆಗ ಅದರ ಕುಣಿತವೆಲ್ಲ ನಮ್ಮ ಕಾಲಲ್ಲೇ ಕರಗುತ್ತದೆ. ಆಮೇಲೆ ಬಾಗಿಲ ಸರಳು ಹಿಡಿದು, ಒಂದೇ ಸಲ ಜಿಗಿದಂತೆ ತೋರಿಸಿ, ಮೆಲ್ಲಗೆ ಜಾರಿ ನೆಲ ಮುಟ್ಟಬೇಕು. ನೋಡುವವರಿಗೆ ದಪ್ಪ ಮನುಷ್ಯ ಕಷ್ಟಪಟ್ಟು ಇಳಿದಂತೆ ಕಾಣುತ್ತಿತ್ತು. ಖರೆ ಹೇಳಬೇಕೆಂದರೆ ಆ ಗಳಿಗೆಗೆ ಬಸ್ಸಿನ ಶಾಕಪ್ ನಾನೇ ಆಗಿರುತ್ತಿದ್ದೆ.

ಈ ಸುದ್ದಿ ಮಾಲಕರ ನಡುವೆ ಹಬ್ಬಲು ತಡವಾಗಲಿಲ್ಲ. ಪಾಸಿಂಗಿನ ದಿನ ಬಂತೆಂದರೆ ನನಗೆ ಕರೆ ಬರುತ್ತಿತ್ತು. "ಮಾಸ್ತರ್ರ, ನಮ್ಮ ಗಾಡೀಗೂ ಒಂದಿಷ್ಟ ಕಾಲ ಹಚ್ಚರಿ" ಎನ್ನುತ್ತಿದ್ದರು. ಅವರು ತಂದ ಕರದಂಟು ತಿಂದು, ಅದನ್ನು ನನ್ನ ತೂಕಕ್ಕೆ ಸೇರಿಸಿಕೊಂಡು, ಒಂದಾದ ಮೇಲೊಂದು ಗಾಡಿ ಏರಿ ಇಳಿಯುತ್ತಿದ್ದೆ. ಅದು ತಪ್ಪೆಂದು ಒಮ್ಮೆಯೂ ಅನ್ನಿಸಲಿಲ್ಲ ಎಂದರೆ ನೀವು ಏನು ತಿಳಿದುಕೊಳ್ಳುತ್ತೀರೋ. ಸಾಲೆಯಲ್ಲಿ ಹುಡುಗರು ಪಾಟಿಯ ಮೇಲೆ ನಕಲು ಮಾಡಿದರೆ ಕಿವಿ ಹಿಂಡುತ್ತಿದ್ದವನು ನಾನೇ.

ನಾನು ಈ ಕಸುಬು ಬಿಟ್ಟ ವರ್ಷ ಎರಡನೆಯ ಮಹಾಯುದ್ಧ ನಡೆದಿತ್ತು. ಪೆಟ್ರೋಲು ಚೀಟಿಯ ಮೇಲೆ ಸಿಗುತ್ತಿತ್ತು, ವಿಲಾಯತಿಯ ಸಾಮಾನು ಚೀಟಿಯ ಮೇಲೂ ಸಿಗುತ್ತಿರಲಿಲ್ಲ. ಅಂಥದರಲ್ಲಿ ಕಾಕಾನ ಬಸ್ಸಿನ ಹಿಂದಿನ ಶಾಕಪ್‌ಗಳು ಸೋರತೊಡಗಿದವು. ಎಣ್ಣೆಯ ಕಲೆ ಕಾಣದಂತೆ ಕಾಕಾ ಅದಕ್ಕೆ ಕೆಸರು ಮೆತ್ತಿದರು. ಬಸ್ಸು ತಗ್ಗಿಗೆ ಬಿದ್ದರೆ ಮುಂದಿನ ಹತ್ತು ಮಾರಿನವರೆಗೂ ಅದರ ಹಿಂಭಾಗ ಎದ್ದು ಬೀಳುತ್ತಲೇ ಇರುತ್ತಿತ್ತು. ಗೋಕಾಕ ದಾಟಿದ ಮೇಲಿನ ಇಳಿಜಾರಿನಲ್ಲಿ ತಿರುವು ಬಂದಾಗ ಹಿಂದಿನ ಗಾಲಿ ನೆಲ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ ಎಂದು ದಸ್ತಗೀರ ನನಗೆ ಹೇಳಿದ್ದ. ಕಾಕಾನಿಗೆ ಹೇಳಿದರೆ, "ಇಪ್ಪತ್ತ ವರ್ಷ ಆತು ನಾ ಸ್ಟೇರಿಂಗ್ ಹಿಡದು. ನನಗ ಏನೂ ಅನಸವಲ್ಲದು" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಇನ್ನು ನನ್ನ ಮನೆಯ ವಿಷಯ. ನನ್ನ ಹೆಂಡತಿ ಆಗ ಏಳು ತಿಂಗಳ ಬಸುರಿ. ಹಿಂದಿನ ವರ್ಷ ಒಂದು ಬಸಿರು ಐದನೆಯ ತಿಂಗಳಿಗೇ ಹೋಗಿತ್ತು. ಆಗ ಅವಳು ಅತ್ತಳು, ನಾನು ಅಳಲಿಲ್ಲ, ಸಾಲೆಗೆ ಹೋಗಿ ಹುಡುಗರಿಗೆ ಭಾಗಾಕಾರ ಕಲಿಸಿದೆ. ಈ ಸಲ ಕುಬಸದ ಕಾರ್ಯ ಮುಗಿದು ಅವಳನ್ನು ಹೆರಿಗೆಗೆ ತವರಿಗೆ ಕಳಿಸುವುದಿತ್ತು. ತವರು ಹುಕ್ಕೇರಿಯ ಆಚೆ ದಡ್ಡಿ. ಅಷ್ಟು ದೂರ ಚಕ್ಕಡಿಯಲ್ಲಿ ಎರಡು ದಿನ ಬೇಡ ಎಂದು ಸೂಲಗಿತ್ತಿ ಹೇಳಿದ್ದಳು. ಹುಕ್ಕೇರಿಯವರೆಗೆ ಕಾಕಾನ ಬಸ್ಸು, ಅಲ್ಲಿಂದ ಮಾವನವರು ಹುಲ್ಲು ಹಾಸಿದ ಚಕ್ಕಡಿ ತಂದು, ಎತ್ತುಗಳನ್ನು ನಡೆಸಿಕೊಂಡೇ ಹೋಗುವುದು ಎಂದು ಮಾತಾಗಿತ್ತು. ಪಾಸಿಂಗ್ ಆದ ನಾಲ್ಕನೆಯ ದಿನಕ್ಕೆ ಅವಳ ಪ್ರಯಾಣ.

"ಅಂಜಿಕಿ ಏನರೆ ಐತೇನು?" ಎಂದು ಅವಳನ್ನು ಕೇಳಿದೆ.

"ಕಾಕಾರ ಬಸ್ಸಿನ್ಯಾಗ ಹೋಗಾಕ ಎದರ ಅಂಜಿಕಿರಿ? ನೀವು ಕಾಲ ಹಚ್ಚಿ ಪಾಸ್ ಮಾಡಿಸಿದ ಬಸ್ಸದು" ಎಂದು ನಕ್ಕಳು.

ನನ್ನ ಕಸುಬಿನ ಗುಟ್ಟು ಅವಳಿಗೆ ಗೊತ್ತಿರಲಿಲ್ಲ. ನಾನು ಏರಿ ನೋಡಿದ ಗಾಡಿ ಭದ್ರವಾಗಿರುತ್ತದೆ ಎಂದು ಅವಳು ನಂಬಿದ್ದಳು. ಅಂದೇ ಸಂಜೆ ಕಾಕಾನ ಬಳಿಗೆ ಹೋಗಿ, ನಿಮ್ಮ ಸೊಸೆ ಹೋಗುವುದಿದೆ, ಶಾಕಪ್ ಹೀಗಿದೆ ಎಂದು ತಡವರಿಸಿದೆ.

"ಮುಂದಿನ ಸೀಟ ಇಡತೇನಿ ಆಕಿಗೆ, ನನ್ನ ಬಾಜೂಕ" ಎಂದರು. "ಹೊಸಾದು ಎಲ್ಲಿಂದ ತರಲಿ ತಮ್ಮಾ? ಬಸ್ ನಿಂತ್ರ ಈ ದಾರಿ ಮಂದಿ ಏನ್ ಮಾಡಬೇಕು? ನೀ ಇದೊಂದ ಪಾಸಿಂಗ್ ದಾಟಿಸಿಬಿಡು. ಮೆಲ್ಲಕ ಇಳಿ."

ಅವರ ಅನ್ನ ಉಂಡವನು ನಾನು. "ಆಗಲಿ ಕಾಕಾ" ಎಂದು ಬಂದೆ.

ಪಾಸಿಂಗಿನ ದಿನ ಬಿದಿರು ನೆಟ್ಟರು, ಸುಣ್ಣದ ಗೆರೆ ಬಿತ್ತು. ಸಾಹೇಬರು ಕುಳಿತು ಒಂದು ಕಣ್ಣು ಮುಚ್ಚಿದರು. "ಏರ್ರಿ ಮಾಸ್ತರ್ರ" ಎಂದರು. ನಾನು ಏರಿದೆ. ಕಾಕಾ ಸ್ವಲ್ಪ ದೂರದಲ್ಲಿ ಕೈಕಟ್ಟಿ ನಿಂತಿದ್ದರು, ನನ್ನ ಕಡೆ ನೋಡುತ್ತಿರಲಿಲ್ಲ. ಒಮ್ಮೆ ತೂಗಿದೆ. ಎರಡನೆಯ ಸಲ ತೂಗಿದೆ. ಕಾಲಿನ ಕೆಳಗೆ ಹಿಡಿತವೇ ಇಲ್ಲ, ಮೆಟ್ಟಿಲು ತೊಟ್ಟಿಲಿನಂತೆ ಹೋಗಿ ಬರುತ್ತಿತ್ತು. ರೂಢಿಯಂತೆ ಮೊಣಕಾಲುಗಳು ಬಗ್ಗಲು ಸಿದ್ಧವಾದವು. ಆಗ ನನಗೆ ಕಾಕಾ ನೆನಪಾಗಲಿಲ್ಲ, ಸರಕಾರದ ಕಾಯದೆಯೂ ನೆನಪಾಗಲಿಲ್ಲ. ಮುಂದಿನ ಸೀಟಿನಲ್ಲಿ ಎರಡೂ ಕೈ ಹೊಟ್ಟೆಯ ಮೇಲಿಟ್ಟು ಕುಳಿತವಳು ನೆನಪಾದಳು. ಕಾಲು ನೆಟ್ಟಗೆ ಮಾಡಿ, ಇದ್ದ ಭಾರವನ್ನೆಲ್ಲ ಮೆಟ್ಟಿಲಿಗೆ ಹಾಕಿ, ಕೈಬಿಟ್ಟು ಜಿಗಿದೆ.

ಧೂಳಿನಲ್ಲಿ ಕುಸಿದು ಕುಳಿತೆ. ಬೆನ್ನ ಹಿಂದೆ ಬಸ್ಸು ಕಿರ್ ಎಂದು ಎದ್ದಿತು, ಬಿದ್ದಿತು. ಸಾಹೇಬರು ಗಟ್ಟಿಯಾಗಿ ಎಣಿಸುತ್ತ ಹೋದರು. ಐದಕ್ಕೆ ನಿಲ್ಲಿಸಿದ್ದು ಬಸ್ಸಲ್ಲ, ಅವರೇ.

"ಮಾಸ್ತರ್ರ, ಇವತ್ತ ಏನ್ ಉಂಡ ಬಂದೀರಿ?" ಎಂದು ನನ್ನನ್ನು ಕೇಳಿ, ಗಾಡಿಯ ಕೆಳಗೆ ಬಗ್ಗಿ ಕೆಸರು ಕೆರೆದು ನೋಡಿದರು. ಮುಂದಿನ ಗಾಜಿನ ಮೇಲೆ ಸುಣ್ಣದಿಂದ ದೊಡ್ಡ ಅಡ್ಡಗೆರೆ ಎಳೆದರು. ರಿಪೇರಿಯಾಗಿ ಮತ್ತೆ ತೋರಿಸುವವರೆಗೆ ಒಬ್ಬ ಪ್ಯಾಸೆಂಜರನ್ನೂ ಹತ್ತಿಸುವಂತಿಲ್ಲ. ಎಂಟು ದಿನದ ನಂತರ ಮತ್ತೆ ಬರುವುದಾಗಿ ಹೇಳಿ ಮುಂದಿನ ಗಾಡಿಗೆ ನಡೆದರು. ಆ ಗಾಡಿಯ ಮಾಲಕ ನನ್ನನ್ನು ಕರೆಯಲಿಲ್ಲ. ಆಮೇಲೆ ಯಾವ ಮಾಲಕನೂ ಕರೆಯಲಿಲ್ಲ.

ಕಾಕಾ ಬಸ್ಸು ಚಾಲೂ ಮಾಡಿದರು. ನಾನು ನಡೆದೇ ಮೂಡಲಗಿಗೆ ಹೋಗಲು ಮನಸ್ಸು ಮಾಡಿದ್ದೆ, ಅಷ್ಟರಲ್ಲಿ ಅವರ ಧ್ವನಿ ಕೇಳಿತು. "ನೀ ಪ್ಯಾಸೆಂಜರ್ ಅಲ್ಲ, ಮನಿಯಂವ. ಹತ್ತು." ನಾನು ಹತ್ತಿ ಮುಂದೆ ಬರುವಷ್ಟರಲ್ಲಿ ಮತ್ತೆ ಹೇಳಿದರು, "ಮುಂದ ಅಲ್ಲ. ಹಿಂದಿನ ಸೀಟಿನ್ಯಾಗ ಕುಂದ್ರು."

ಅದು ಶಿಕ್ಷೆ ಎಂದು ಬಸ್ಸು ಊರು ಬಿಟ್ಟ ಕೂಡಲೇ ತಿಳಿಯಿತು. ಖಾಲಿ ಬಸ್ಸು, ಚಕ್ಕಡಿ ಗಾಲಿ ಕೊರೆದ ರಸ್ತೆ, ಸಿಟ್ಟಿನಲ್ಲಿದ್ದ ಡ್ರೈವರ್. ಒಂದು ತಗ್ಗಿಗೆ ನನ್ನ ತಲೆ ಮೇಲಿನ ಪಟ್ಟಿಗೆ ಬಡಿಯಿತು, ಇನ್ನೊಂದಕ್ಕೆ ತುಟಿ ಕಚ್ಚಿಕೊಂಡೆ. ಅಷ್ಟು ಭಾರವಿದ್ದ ನನ್ನನ್ನು ಆ ಸೀಟು ಹಗುರವಾದ ಬುತ್ತಿಯಂತೆ ಎತ್ತಿ ಒಗೆಯುತ್ತಿತ್ತು. ಕೂಗಬಾರದು ಎಂದು ಹಟದಿಂದ ಕುಳಿತಿದ್ದೆ. ಕಲ್ಲೋಳಿ ಹತ್ತಿರ ಬಂದಾಗ ಹಟ ಸಾಲಲಿಲ್ಲ. "ಕಾಕಾ, ನೀವು ಒಮ್ಮೆ ಇಲ್ಲಿ ಕುಂತ ನೋಡ್ರಿ" ಎಂದೆ.

ಬಸ್ಸು ನಿಂತಿತು. ಕಾಕಾ ತಿರುಗಿ ನನ್ನನ್ನು ನೋಡಿದರು. ನನ್ನ ತುಟಿಯಿಂದ ರಕ್ತ ಬರುತ್ತಿತ್ತು. ದಸ್ತಗೀರ ಪಕ್ಕದಲ್ಲಿ ನಿಂತು ಮೆತ್ತಗೆ, "ಖರೆ ಐತ್ರಿ ಮಾಲಕ್ರ. ನೀವ ಒಮ್ಮೇನೂ ಹಿಂದ ಕುಂತಿಲ್ಲ" ಎಂದ.

ನಿಜಕ್ಕೂ ಹಾಗೆಯೇ ಆಗಿತ್ತು. ಇಪ್ಪತ್ತು ವರ್ಷ ಬಸ್ಸು ನಡೆಸಿದ ಮನುಷ್ಯ ತನ್ನ ಬಸ್ಸಿನ ಹಿಂದಿನ ಸೀಟಿನಲ್ಲಿ ಒಂದು ದಿನವೂ ಕುಳಿತಿರಲಿಲ್ಲ. ಸ್ಟೇರಿಂಗ್ ಬಿಟ್ಟು ಇಳಿದರೆ ಮನೆ, ಮನೆ ಬಿಟ್ಟರೆ ಸ್ಟೇರಿಂಗ್. ಡ್ರೈವರಿಗೆ ಅನ್ನಿಸದ್ದು ಬಸ್ಸಿನಲ್ಲಿ ಇಲ್ಲ ಎಂದೇ ಅವರು ಶುದ್ಧ ಮನಸ್ಸಿನಿಂದ ನಂಬಿದ್ದರು. ಆ ಭಾಗದ ಎಲ್ಲ ಡ್ರೈವರುಗಳೂ ಹಾಗೆಯೇ ನಂಬಿದ್ದರೆಂದು ತೋರುತ್ತದೆ.

ದಸ್ತಗೀರನಿಗೆ ಗಾಡಿ ಹೊಡೆಯಲು ಬರುತ್ತಿತ್ತು. ಅವನು ಮುಂದೆ ಹೋದ, ಕಾಕಾ ನನ್ನ ಪಕ್ಕಕ್ಕೆ ಬಂದು ಕುಳಿತರು. ಒಂದು ಮೈಲು ಹೋಗಿರಬಹುದು. ಮೊದಲ ತಗ್ಗಿಗೆ ಅವರ ಕರೀ ಟೊಪ್ಪಿಗೆ ಹಾರಿ ಕಿಟಕಿಯಿಂದ ಹೊರಗೆ ಹೋಯಿತು. ಎರಡನೆಯದಕ್ಕೆ ನನ್ನ ತೋಳು ಹಿಡಿದುಕೊಂಡರು. ಮೂರನೆಯದು ಬರುವ ಮೊದಲೇ, "ನಿಂದ್ರಸು ದಸ್ತಗೀರ" ಎಂದರು. ಇಳಿದು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕುಳಿತರು. ದಸ್ತಗೀರ ಟೊಪ್ಪಿಗೆ ಹುಡುಕಿ ತರಲು ಹಿಂದಕ್ಕೆ ನಡೆದ.

"ಇಲ್ಲಿ ನಾ ಮುದುಕ್ರನ್ನ ಕುಂದರಿಸೀನಿ. ಬಾಣಂತಿಗೋಳನ್ನ ಕುಂದರಿಸೀನಿ" ಎಂದರು. ಆಮೇಲೆ, "ಚಲೋ ಮಾಡಿದಿ. ನೀ ಮೆಲ್ಲಕ ಇಳದಿದ್ರ ನಾ ಆಕೀನ ಹತ್ತಿಸಿಕೊಂಡ ಹೊಂಟಬಿಡ್ತಿದ್ದೆ" ಎಂದು ಮುಖ ಒರೆಸಿಕೊಂಡರು.

ನನಗೆ ಆದ ಸಮಾಧಾನವನ್ನು ಹೇಗೆ ಹೇಳಲಿ. ಮುಂಜಾನೆಯಿಂದ ಎದೆಯ ಮೇಲೆ ಕುಳಿತಿದ್ದ ಭಾರ ಒಮ್ಮೆಲೇ ಇಳಿದು ನಗು ಬಂದುಬಿಟ್ಟಿತು. ತುಟಿ ಕತ್ತರಿಸಿದ್ದರಿಂದ ಸರಿಯಾಗಿ ನಗಲೂ ಆಗಲಿಲ್ಲ. ನನ್ನ ಸೊಟ್ಟ ನಗು ನೋಡಿ ಕಾಕಾನೂ ನಕ್ಕರು. ಟೊಪ್ಪಿಗೆ ಹಿಡಿದು ಬಂದ ದಸ್ತಗೀರ ಇಬ್ಬರಿಗೂ ತಲೆಗೆ ಪೆಟ್ಟಾಗಿದೆ ಎಂದು ತಿಳಿದುಕೊಂಡ.

ಹೊಸ ಶಾಕಪ್ ಸಿಗುವ ಮಾತಿರಲಿಲ್ಲ. ದಸ್ತಗೀರನೇ ಉಪಾಯ ಹೇಳಿದ. ಡಬ್ಬಿಗಳನ್ನು ಬಿಚ್ಚಿ, ಸವೆದುಹೋದ ಒಳಗಿನ ಚರ್ಮದ ಬಿಲ್ಲೆಗಳ ಅಳತೆ ತೆಗೆದು, ಚಪ್ಪಲಿ ಹೊಲಿಯುವ ಯಲ್ಲಪ್ಪನ ಹತ್ತಿರ ದಪ್ಪ ಎಮ್ಮೆಯ ತೊಗಲಿನಲ್ಲಿ ಹೊಸ ಬಿಲ್ಲೆ ಕೊಯ್ಯಿಸಿದರು. ಅವನ್ನು ಎರಡು ದಿನ ಎಣ್ಣೆಯಲ್ಲಿ ನೆನೆಹಾಕಿದರು. ಡಬ್ಬಿಯೊಳಗೆ ಹಾಕುವ ಎಣ್ಣೆಯೂ ಇರಲಿಲ್ಲ, ನಮ್ಮ ಮನೆಯ ಔಡಲೆಣ್ಣೆಯನ್ನೇ ಕಾಯಿಸಿ ಸೋಸಿ ತುಂಬಿದರು. ಬಾಣಂತನಕ್ಕೆಂದು ತೆಗೆದಿಟ್ಟ ಎಣ್ಣೆ ಅದು. ಕೇಳಲು ಹೋದಾಗ ನನ್ನ ಹೆಂಡತಿ, "ಬಸ್ಸಿಗೂ ಬಾಣಂತನ ಏನ್ರಿ?" ಎಂದು ಗಡಿಗೆ ಎತ್ತಿಕೊಟ್ಟಳು. ಅವಳ ಪ್ರಯಾಣ ಎಂಟು ದಿನ ಮುಂದೆ ಹೋಯಿತು. ಕಾರಣ ಕೇಳಿದ್ದಕ್ಕೆ ದಿನ ಚಲೋ ಇಲ್ಲ ಎಂದೆ.

ಮರುಪರೀಕ್ಷೆಯ ದಿನ ಸಾಹೇಬರು ಮೊದಲು ಕೇಳಿದ್ದೇ ನನ್ನನ್ನು. "ಹ್ವಾದ ಸಲ ಜಿಗದ್ರಲ್ಲಾ, ಹಂಗ ಜಿಗೀರಿ. ಅದಕ್ಕಿಂತ ಮೊದಲ ಇಳೀತಿದ್ರಲ್ಲಾ, ಹಂಗ ಬ್ಯಾಡ" ಎಂದರು. ಅಂದರೆ ಅವರಿಗೂ ಸಂಶಯವಿತ್ತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಮತ್ತೆ ಅಷ್ಟೇ ಭಾರ ಹಾಕಿ ಜಿಗಿದೆ. ಬಸ್ಸು ಒಮ್ಮೆ ಎದ್ದು, ಇನ್ನೊಮ್ಮೆ ಏಳಲೋ ಬೇಡವೋ ಎಂದು ಅರ್ಧ ಎದ್ದು, ನಿಂತಿತು. ಸಾಹೇಬರು ಗಾಜಿನ ಮೇಲಿನ ಗೆರೆಯನ್ನು ತಮ್ಮ ಕರವಸ್ತ್ರದಿಂದ ತಾವೇ ಒರೆಸಿದರು.

ಹೆಂಡತಿ ಹೊರಟ ದಿನ ನಾನೂ ಜೊತೆಗಿದ್ದೆ. ಅವಳಿಗೆ ಮುಂದಿನ ಸೀಟು, ಅದರ ಮೇಲೆ ಎರಡು ಕೌದಿ. ಆದರೆ ಸ್ಟೇರಿಂಗ್ ಹಿಂದೆ ದಸ್ತಗೀರ ಕುಳಿತಿದ್ದ. ಕಾಕಾ ಎಲ್ಲರನ್ನೂ ಹತ್ತಿಸಿ, ಹಿಂದಿನ ಸೀಟಿನ ನಡುವೆ ಹೋಗಿ ಕುಳಿತರು. ನಾನು ಮುಂದೆ ಕರೆದೆ, ಬರಲಿಲ್ಲ. "ಇಲ್ಲಿ ನನಗ ಏನೂ ಆಗಲಿಲ್ಲಂದ್ರ ಅಲ್ಲಿ ಆಕಿಗೆ ಆಗೂದಿಲ್ಲ" ಎಂದರು. ಕಲ್ಲೋಳಿ ಹೋಯಿತು, ಗೋಕಾಕ ಹೋಯಿತು, ಇಳಿಜಾರಿನ ತಿರುವು ಹೋಯಿತು. ಪ್ರತಿ ತಗ್ಗಿಗೂ ನಾನು ಹೊರಳಿ ನೋಡುತ್ತಿದ್ದೆ, ಅವರು ಕೈಯೆತ್ತಿ ಮುಂದೆ ನೋಡು ಎನ್ನುತ್ತಿದ್ದರು. ಹುಕ್ಕೇರಿಯಲ್ಲಿ ಇಳಿದಾಗ ಟೊಪ್ಪಿಗೆ ತಲೆಯ ಮೇಲೆಯೇ ಇತ್ತು. ಅದನ್ನು ಮುಟ್ಟಿ ನೋಡಿಕೊಂಡು ನನ್ನ ಮಾವನವರಿಗೆ ಶರಣು ಹೇಳಿದರು.

ದಡ್ಡಿಯಿಂದ ಸುದ್ದಿ ಬಂದದ್ದು ಎರಡು ತಿಂಗಳ ಮೇಲೆ. ಹೆಣ್ಣುಮಗು, ತಾಯಿ ಮಗು ಸುಖರೂಪ. ಕಾಗದ ಓದಿದ ಮೇಲೆ, ಹಿಂದಿನ ವರ್ಷ ಅಳದೆ ಉಳಿದದ್ದನ್ನೆಲ್ಲ ಆ ದಿನ ಅತ್ತು ಮುಗಿಸಿದೆ. ಕಾಕಾ ಓಣಿಗೆಲ್ಲ ಸಕ್ಕರೆ ಹಂಚಿದರು. ಅವರು ಬಸ್ಸು ನಡೆಸಿದಷ್ಟು ವರ್ಷವೂ ವಾರಕ್ಕೊಮ್ಮೆ ಹಿಂದಿನ ಸೀಟಿನಲ್ಲಿ ಕುಳಿತು ಹೋಗುವುದನ್ನು ಬಿಡಲಿಲ್ಲ. ನಾನು ಕಾಲು ಹಚ್ಚಿ ಪಾಸು ಮಾಡಿಸಿದ ಉಳಿದ ಗಾಡಿಗಳ ನೆನಪು ಮಾತ್ರ ನನ್ನನ್ನು ಬಹಳ ದಿನ ಕಾಡಿತು. ಎಲ್ಲಿಯಾದರೂ ಬಸ್ಸು ಉರುಳಿತು ಎಂದು ಕೇಳಿದರೆ ಅದರ ಹೆಸರು ಕೇಳುವವರೆಗೆ ಉಸಿರು ಹಿಡಿಯುತ್ತಿದ್ದೆ. ಅವುಗಳಲ್ಲಿ ಯಾವುದೂ ಆಗಿರಲಿಲ್ಲ. ಅದು ನನ್ನ ಪುಣ್ಯ, ನನ್ನ ಜಾಣತನವಲ್ಲ.

ಆ ಮಗಳು ಈಗ ಹುಕ್ಕೇರಿಯಲ್ಲಿ ಸಾಲೆಯ ಮಾಸ್ತರಿಣಿ. ವಕೀಲರ ಕಾರು ಬಂದ ದಿನವೇ ಸಂಜೆ ಅವಳೂ ಊರಿಗೆ ಬಂದಳು. ಬಂದವಳ ಕೈಯಿಂದ ಚೀಲ ತೆಗೆದುಕೊಳ್ಳುತ್ತ, "ಬಸ್ಸು ರಶ್ ಇತ್ತೇನು?" ಎಂದು ಕೇಳಿದೆ.

"ಬಾಳ ರಶ್ ಅಪ್ಪಾ. ಹಿಂದಿನ ಸೀಟ ಸಿಕ್ಕಿತ್ತು" ಎಂದಳು. ಅವಳ ಕೆನ್ನೆಯ ಮೇಲೆ ಕಿಟಕಿಯ ಸರಳಿನ ಗುರುತು ಬಿದ್ದಿತ್ತು. "ಹುಕ್ಕೇರಿ ಬಿಟ್ಟದ್ದಷ್ಟ ಗೊತ್ತು, ನಿದ್ದಿ ಹತ್ತಿಬಿಡ್ತು. ಗೋಕಾಕ ಬಂದದ್ದೂ ಗೊತ್ತಾಗಲಿಲ್ಲ."

ನಾನು ಅವಳ ಮುಖವನ್ನೇ ನೋಡುತ್ತ ನಿಂತೆ. ಎಷ್ಟೋ ವರ್ಷ ತಾಯಿ ಮಗಳಿಬ್ಬರಿಗೂ ಹೇಳದೆ ಇಟ್ಟುಕೊಂಡಿದ್ದ ಈ ಕಥೆಯನ್ನು ಆ ಸಂಜೆ ಹೇಳಿಬಿಡಬೇಕು ಅನ್ನಿಸಿತು. ಅವಳು ಕೈಕಾಲು ತೊಳೆದು ಬರಲಿ ಎಂದು ಚಹಾಕ್ಕೆ ಹೇಳಿ, ಅವಳ ತಾಯಿಯನ್ನೂ ಹೊರಗೆ ಕರೆದೆ.